ಕೊನೆಯ ಹಂತಿಯಿಂದ ಆರಂಭವಾಗುವ ಚೌತಿಯ ಅಡುಗೆ

ಹಬ್ಬದ ಅಡುಗೆಯ ಪಟ್ಟಿಯನ್ನು ಹೆಚ್ಚಿನವರು ಕಜ್ಜಾಯದಿಂದ ಆರಂಭಿಸುತ್ತಾರೆ. ಮೋದಕ ಕರಿಯುವುದೋ ಬೇಯಿಸುವುದೋ, ಹೋಳಿಗೆ ಕಾಯಿಯದೋ ಬೇಳೆಯದೋ, ಪಾಯಸ ಯಾವುದು ಎಂಬುದೆಲ್ಲ ಮೊದಲು ತೀರ್ಮಾನವಾಗುತ್ತದೆ. ಹುಳಿ, ಪಲ್ಯ, ತಂಬುಳಿಗಳು ಆಮೇಲೆ ತಮ್ಮಷ್ಟಕ್ಕೆ ಬಂದು ಸೇರಿಕೊಳ್ಳುತ್ತವೆ. ಶಿರಸಿ ಕಡೆಯ ನಮ್ಮ ಮನೆಯಲ್ಲೂ ಬಹಳ ಕಾಲ ಹೀಗೆಯೇ ನಡೆದಿತ್ತು. ಚೌತಿಯ ಅಡುಗೆಯ ಹೊಣೆ ಅತ್ತೆಯಿಂದ ನನ್ನ ಕೈಗೆ ಬಂದ ಮೇಲೆ ಪಟ್ಟಿ ಬರೆಯುವ ಈ ಕ್ರಮವನ್ನು ನಾನು ತಿರುಗಿಸಿದ್ದೇನೆ. ಈಗ ಮೊದಲು ಯೋಚಿಸುವುದು ಕೊನೆಯ ಹಂತಿಯ, ಅಂದರೆ ಊಟದ ಕೊನೆಯ ಪಂಕ್ತಿಯ ಬಗ್ಗೆ. ಆ ಹಂತಿಯಲ್ಲಿ ಕೂರುವವರ ಬಾಳೆಲೆಯಲ್ಲಿ ಏನೇನು ಇರಬೇಕು, ಅದು ಎಷ್ಟು ಬಿಸಿಯಿರಬೇಕು, ಅವರು ಎಷ್ಟು ಹೊತ್ತಿಗೆ ಊಟಕ್ಕೆ ಕೂರಬೇಕು ಎಂಬುದನ್ನು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುತ್ತೇನೆ.

ಹಬ್ಬದ ದಿನ ನಮ್ಮಲ್ಲಿ ಇಪ್ಪತ್ತರ ಆಸುಪಾಸು ಜನ ಊಟಕ್ಕಿರುತ್ತಾರೆ. ಮೊದಲ ಹಂತಿಯಲ್ಲಿ ಪೂಜೆ ಮಾಡಿದವರು, ಹಿರಿಯರು, ನೆಂಟರು, ಹಸಿದ ಮಕ್ಕಳು ಕೂರುತ್ತಾರೆ. ಅಡುಗೆ ಮಾಡಿದವರು ಮತ್ತು ಬಡಿಸಿದವರು ಕೊನೆಯ ಹಂತಿಯವರು. ಮೊದಲ ಹಂತಿ ಏಳುವ ಹೊತ್ತಿಗೆ ತವ್ವೆ ಗಟ್ಟಿಯಾಗಿರುತ್ತದೆ, ಹಪ್ಪಳ ಮಳೆಗಾಲದ ಗಾಳಿಗೆ ಮೆತ್ತಗಾಗಿರುತ್ತದೆ, ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡ, ಮಾವಿನ ಮಿಡಿಯ ಅಪ್ಪೆಹುಳಿಯ ಪಾತ್ರೆಯ ತಳದಲ್ಲಿ ಒಗ್ಗರಣೆಯ ಸಾಸಿವೆಕಾಳು ಮಾತ್ರ ಉಳಿದಿರುತ್ತದೆ. ಅತ್ತೆಯೂ ಅವರ ವಾರಗಿತ್ತಿಯರೂ ಮಧ್ಯಾಹ್ನ ಮೂರು ದಾಟಿದ ಮೇಲೆ, ಬೆಳಗಿನ ಚಹದ ನಂತರ ಏನೂ ಹೊಟ್ಟೆಗೆ ಬೀಳದ ಸ್ಥಿತಿಯಲ್ಲಿ, ಉಳಿದದ್ದನ್ನು ಹಂಚಿಕೊಂಡು ಉಣ್ಣುತ್ತಿದ್ದುದನ್ನು ನಾನು ಮದುವೆಯಾಗಿ ಬಂದ ಹೊಸತರಲ್ಲಿ ನೋಡಿದ್ದೇನೆ, ಅವರ ಜೊತೆಯಲ್ಲೇ ಕೂತು ಉಂಡಿದ್ದೇನೆ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಅಡುಗೆಯ ಪಟ್ಟಿ ಉದ್ದವಾಗುತ್ತಾ ಹೋಗಿತ್ತು, ಕೈಗಳು ಮಾತ್ರ ಅಷ್ಟೇ ಇದ್ದವು. ಇಡೀ ಮನೆ ಸೇರಿ ಆಚರಿಸುವ ಹಬ್ಬದಲ್ಲಿ ಅಡುಗೆ ಮನೆಯವರಿಗೆ ಊಟದ ಸುಖ ತಪ್ಪುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅದನ್ನು ಸರಿಪಡಿಸಬೇಕಾದ ಜಾಗ ಪಟ್ಟಿಯೇ. ಹಬ್ಬದ ದಿನ ಒಲೆಯ ಮುಂದೆ ನಿಂತಾಗ ಏನನ್ನೂ ಬದಲಿಸಲು ಆಗುವುದಿಲ್ಲ.

ಪಟ್ಟಿ ಬರೆಯಲು ಕೂತಾಗ ಮೊದಲು ನೋಡಬೇಕಾದದ್ದು ಪಂಚಾಂಗ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಅದು ಸೆಪ್ಟೆಂಬರ್ 14ಕ್ಕೆ ಬೀಳುತ್ತದೆ. ಹದಿನೆಂಟು ದಿನಗಳ ಈ ವ್ಯತ್ಯಾಸ ಪಟ್ಟಣದ ತರಕಾರಿ ಅಂಗಡಿಯಲ್ಲಿ ಕಾಣಿಸದೇ ಇರಬಹುದು, ಆದರೆ ಹಿತ್ತಿಲಲ್ಲಿ ಮತ್ತು ಬೇಣದ ಹುಲ್ಲುಗಾವಲಲ್ಲಿ ಎದ್ದು ಕಾಣುತ್ತದೆ. ಆಗಸ್ಟಿನ ಚೌತಿಗೆ ಮರದ ಮೇಲೆ ಬೆಳೆಯುವ ಮರಗೆಸುವಿನ ಎಳೆಯ ಎಲೆ ಸಿಗುತ್ತದೆ, ಕೆಲವು ಕಡೆ ಕಳಲೆಯೂ (ಎಳೆ ಬಿದಿರು) ಸಿಗುತ್ತದೆ. ಸೌತೆಯ ಜಾತಿಯ ಮೊಗೆಕಾಯಿ ಮಾತ್ರ ಇನ್ನೂ ಹೀಚು. ಸೆಪ್ಟೆಂಬರಿನ ನಡುವಿನ ಚೌತಿಗೆ ಮರಗೆಸು ಬಲಿತು ಎಲೆಯ ಅಂಚು ಹಳದಿ ತಿರುಗಿರುತ್ತದೆ, ಕಳಲೆಯ ಮಾತೇ ಇಲ್ಲ, ಆದರೆ ಮೊಗೆ, ಹೀರೆ, ಪಡವಲ, ಹಾಗಲಗಳು ಚಪ್ಪರದ ತುಂಬ ಇಳಿಬಿದ್ದಿರುತ್ತವೆ. ಹೋದ ವರ್ಷದ ಪಟ್ಟಿಯನ್ನೇ ಈ ವರ್ಷಕ್ಕೆ ನಕಲು ಮಾಡಿಕೊಂಡರೆ ಹಿತ್ತಿಲಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಿಕೊಂಡು ಪೇಟೆಗೆ ಓಡಬೇಕಾಗುತ್ತದೆ. ನಮ್ಮ ಹಿರಿಯರು ಪಟ್ಟಿ ಬರೆಯುತ್ತಲೇ ಇರಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಹಿತ್ತಿಲು ಸುತ್ತಿ ಬಂದು, ಯಾವುದು ಹುಳಿಗೆ, ಯಾವುದು ಮೊಸರಿನ ಹಶಿಗೆ, ಯಾವುದು ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಎಂದು ಬಾಯಲ್ಲೇ ಹೇಳಿಬಿಡುತ್ತಿದ್ದರು. ನನಗೆ ಆ ಕಣ್ಣಿನ್ನೂ ಪೂರ್ತಿ ಒಲಿದಿಲ್ಲವಾದ್ದರಿಂದ ಬರೆದುಕೊಳ್ಳುತ್ತೇನೆ, ಆದರೆ ಹಿತ್ತಿಲು ಸುತ್ತಿ ಬಂದ ಮೇಲೆಯೇ ಬರೆಯುತ್ತೇನೆ.

ಎರಡನೆಯದಾಗಿ, ಚೌತಿಯ ಅಡುಗೆಗೆ ದಿನನಿತ್ಯದ ಅಡುಗೆಗಿಲ್ಲದ ಒಂದು ಕಟ್ಟುಪಾಡಿದೆ. ನೈವೇದ್ಯವಾಗುವ ತನಕ ಯಾವುದನ್ನೂ ರುಚಿ ನೋಡುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದಿರುವುದು ನಮಗೆ ತೊಡಕೇ ಅಲ್ಲ, ನಮ್ಮ ಅಡುಗೆಯ ಬಹುಪಾಲು ಅವಿಲ್ಲದೆಯೇ ನಡೆಯುತ್ತದೆ. ಆದರೆ ಇಪ್ಪತ್ತು ಜನರ ಹುಳಿಗೆ ನಾಲಿಗೆಯ ನೆರವಿಲ್ಲದೆ ಉಪ್ಪು, ಬೆಲ್ಲ, ಹುಳಿ ಹಾಕುವುದು ಸಣ್ಣ ಮಾತಲ್ಲ. ಅತ್ತೆ ಉಪ್ಪನ್ನು ಅಂಗೈಯಲ್ಲಿ ಹಾಕಿಕೊಂಡು ಅದರ ಭಾರ ನೋಡುತ್ತಿದ್ದರು, ಕುದಿಯುವ ಹುಳಿಯ ಪರಿಮಳದಿಂದಲೇ ಬೆಲ್ಲ ಸಾಲದೆಂದು ಹೇಳುತ್ತಿದ್ದರು. ಆ ಹದ ಕೈಗೆ ಬರುವ ತನಕ ನಮ್ಮಂಥವರಿಗಿರುವ ದಾರಿ ಒಂದೇ: ಪ್ರತಿ ಅಡುಗೆಗೂ ಅದೇ ಪಾತ್ರೆ, ಅದೇ ಸೌಟು, ಅದೇ ಅಳತೆ. ಹೊಸ ಅಡುಗೆಯನ್ನು ಹಬ್ಬದ ದಿನವೇ ಮೊದಲ ಸಲ ಮಾಡಹೊರಡಬಾರದು. ಬೇಕೇ ಬೇಕೆನಿಸಿದರೆ ಶ್ರಾವಣದ ಯಾವುದಾದರೊಂದು ಭಾನುವಾರ ಮನೆಯವರಿಗೆ ಮಾಡಿ ಬಡಿಸಿ, ಅಳತೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೆ, ಚೌತಿಗೆ ಧೈರ್ಯವಾಗಿ ಮಾಡಬಹುದು. ಈ ಒಂದು ನಿಯಮವನ್ನು ಪಾಲಿಸಿದರೂ ಪಟ್ಟಿ ತಾನಾಗಿ ಹದಕ್ಕೆ ಬರುತ್ತದೆ, ಏಕೆಂದರೆ ಮೊಬೈಲಿನಲ್ಲಿ ನೋಡಿ ಆಸೆಪಟ್ಟ ಅರ್ಧದಷ್ಟು ಅಡುಗೆಗಳು ಶ್ರಾವಣದ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

ಮೊದಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು, ಅಂದೇ ಆಗಬೇಕಾದದ್ದು ಯಾವುದು ಎಂದು ವಿಂಗಡಿಸುವುದು ಮುಂದಿನ ಕೆಲಸ. ಮೊದಲ ಗುಂಪಿನ ಯಜಮಾನ ಚಕ್ಕುಲಿ. ಶಿರಸಿ, ಸಿದ್ದಾಪುರದ ಕಡೆ ಚೌತಿಯೆಂದರೆ ಕೈಚಕ್ಕುಲಿ, ಅದಕ್ಕಾಗಿ ಊರಿನವರು ಒಂದು ಮನೆಯಲ್ಲಿ ಸೇರುವುದು ಚಕ್ಕುಲಿ ಕಂಬಳ. ಒಬ್ಬರ ಮನೆಯ ಚಕ್ಕುಲಿ ಇಂದು, ಇನ್ನೊಬ್ಬರದು ನಾಳೆ. ಕೈಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಅಕ್ಕಿಯನ್ನು ತೊಳೆದು ನೆರಳಲ್ಲಿ ಆರಿಸಿ ಹಿಟ್ಟು ಮಾಡಿಸಬೇಕು, ಉದ್ದನ್ನು ಹದವಾಗಿ ಹುರಿದು ಹಿಟ್ಟು ಮಾಡಿಸಬೇಕು. ನಮ್ಮ ಮನೆಯಲ್ಲಿ ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಎಳ್ಳು, ಜೀರಿಗೆ, ಉಪ್ಪು ಸೇರಿಸಿ ಹಿಟ್ಟನ್ನು ನಾದುವುದೇ ಒಂದು ವಿದ್ಯೆ. ಗಟ್ಟಿಯಾದರೆ ಎಳೆ ಕಡಿಯುತ್ತದೆ, ಮೆತ್ತಗಾದರೆ ಸುತ್ತು ನಿಲ್ಲದೆ ಕುಸಿಯುತ್ತದೆ. ನಾದಿದ ಹಿಟ್ಟಿನ ಒಂದು ಮುದ್ದೆಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಎಳೆಯನ್ನು ಹೊರಗೆ ಬಿಡುತ್ತಾ, ಬಿಡುವಾಗಲೇ ಅದಕ್ಕೆ ಹುರಿ ಕೊಡುತ್ತಾ, ಬಟ್ಟೆಯ ಮೇಲೆ ಸುತ್ತಿಗೆ ಸುತ್ತು ತಾಗಿಸಿ ತರುತ್ತಾರೆ. ಬಲ್ಲವರ ಕೈಯಲ್ಲಿ ಎಳೆ ಎಲ್ಲಿಯೂ ದಪ್ಪ ತೆಳು ಆಗುವುದಿಲ್ಲ, ಹುರಿಯ ಗೆರೆಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ಸಾಗುತ್ತವೆ. ಈ ಕೆಲಸದಲ್ಲಿ ಗಂಡಸರು ಹೆಂಗಸರಿಗೆ ಸಮನಾಗಿ ಕೂರುತ್ತಾರೆ. ನಮ್ಮ ಕೇರಿಯಲ್ಲಿ ಹೆಚ್ಚು ಸುತ್ತಿನ ಚಕ್ಕುಲಿ ಬಿಡುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಕರಿಯುವುದು ಕೊಬ್ಬರಿ ಎಣ್ಣೆಯಲ್ಲೇ. ಎಣ್ಣೆಯ ಸದ್ದು ಅಡಗಿದಾಗ ಚಕ್ಕುಲಿ ಬೆಂದಿತೆಂದು ಲೆಕ್ಕ, ಅದಕ್ಕೂ ಮೊದಲು ತೆಗೆದರೆ ಹಬ್ಬದ ಹೊತ್ತಿಗೆ ಮೆತ್ತಗಾಗುತ್ತದೆ.

ಈ ವರ್ಷ ಚೌತಿ ಸೋಮವಾರ ಬಂದಿರುವುದು ಒಂದು ಅನುಕೂಲ. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬರುವವರು ಶನಿವಾರ ಬೆಳಗಿನ ಬಸ್ಸಿಗೇ ಇಳಿಯುತ್ತಾರೆ. ಕಂಬಳವನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟರೆ ಮಕ್ಕಳೂ ಕೂತು ಎಳೆ ಬಿಡಲು ಕಲಿಯುತ್ತಾರೆ. ಪೇಟೆಯಲ್ಲಿ ಒಳ್ಳೆಯ ಕೈಚಕ್ಕುಲಿ ಮಾರಾಟಕ್ಕೆ ಸಿಗುತ್ತದೆ, ಅದನ್ನು ಮಾಡಿ ಬದುಕುವ ಹೆಂಗಸರಿಂದ ಕೊಂಡುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಕೈ ಸಾಲದ ಮನೆಗಳಿಗೆ ನಾನೇ ಹಾಗೆ ಹೇಳುತ್ತೇನೆ. ಎಂಟು ಹತ್ತು ಜನ ಕೂರಲು ಸಾಧ್ಯವಿರುವ ಮನೆಯಲ್ಲಿ ಮಾತ್ರ ಕಂಬಳವನ್ನು ಬಿಡಬಾರದು. ಎಳ್ಳುಂಡೆಯೂ ಪಂಚಕಜ್ಜಾಯಕ್ಕೆ ಬೇಕಾದ ಹಿಟ್ಟೂ ಭಾನುವಾರವೇ ಆಗಿಹೋಗುತ್ತವೆ. ಕಾಯಿ, ಬೆಲ್ಲ, ತುಪ್ಪಗಳನ್ನು ಪೂಜೆಯ ಬೆಳಿಗ್ಗೆ ಬೆರೆಸಿದರಾಯಿತು.

ಅಂದೇ ಆಗಬೇಕಾದ ಸಿಹಿಯಲ್ಲಿ ಎರಡನ್ನು ಮಾತ್ರ ಇಟ್ಟುಕೊಂಡಿದ್ದೇನೆ: ಮೋದಕ ಮತ್ತು ಪಾಯಸ. ಮೋದಕವಿಲ್ಲದೆ ಗಣಪತಿಗೆ ನೈವೇದ್ಯವಿಲ್ಲ, ಇಪ್ಪತ್ತೊಂದಂತೂ ಆಗಲೇಬೇಕು, ಊಟಕ್ಕೆ ಇನ್ನು ನಲವತ್ತು. ಪಾಯಸ ಕಡಲೆಬೇಳೆಯದು, ಬೆಲ್ಲ ಮತ್ತು ಕಾಯಿಹಾಲಿನದು. ಹೋಳಿಗೆಯನ್ನು ಚೌತಿಯ ದಿನದಿಂದ ತೆಗೆದು ಮರುದಿನಕ್ಕೆ ಹಾಕಿದಾಗ ಮನೆಯಲ್ಲಿ ಒಂದು ವಾರ ಮಾತು ನಡೆಯಿತು. ಹೋಳಿಗೆ ಇಲ್ಲದ ಮೇಲೆ ಹಬ್ಬವೆಂದು ಹೇಳುವುದು ಹೇಗೆ ಎಂದು ಭಾವ ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಹೋಳಿಗೆ ನಮ್ಮ ಸೀಮೆಯ ಪ್ರೀತಿಯ ತಿಂಡಿ. ಆದರೆ ಒಂದು ಕಿಲೋ ಬೇಳೆಯ ಹೂರಣವನ್ನು ತಟ್ಟಿ ಬೇಯಿಸಿ ಮುಗಿಸಲು ಇಬ್ಬರು ಎರಡು ತಾಸು ಕಾವಲಿಯ ಮುಂದಿನಿಂದ ಏಳುವಂತಿಲ್ಲ. ಆ ಎರಡು ತಾಸುಗಳೇ ಕೊನೆಯ ಹಂತಿಯನ್ನು ಮೂರು ಗಂಟೆಯ ಆಚೆಗೆ ತಳ್ಳುತ್ತಿದ್ದವು. ಅದೂ ಅಲ್ಲದೆ ಮೋದಕ, ಪಾಯಸ, ಪಂಚಕಜ್ಜಾಯಗಳ ಜೊತೆಗೆ ಬಂದ ಹೋಳಿಗೆಯನ್ನು ಯಾರೂ ಮನಸ್ಸಿಟ್ಟು ತಿನ್ನುವುದಿಲ್ಲ. ಮರುದಿನ ಬೆಳಿಗ್ಗೆ ಬಿಡುವಾಗಿ ಬೇಯಿಸಿ, ಕಾವಲಿಯಿಂದ ತೆಗೆದ ಬಿಸಿ ಹೋಳಿಗೆಯ ಮೇಲೆ ತುಪ್ಪ ಹಾಕಿ ಕೊಟ್ಟಾಗ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ. ಭಾವ ಈಗ ಮರುದಿನದ ಹೋಳಿಗೆಗೆ ತಾವೇ ಕಾಯಿ ತುರಿದುಕೊಡುತ್ತಾರೆ.

ಪಾಯಸಕ್ಕೂ ಕೊನೆಯ ಹಂತಿಯ ಲೆಕ್ಕವಿದೆ. ಬೇಳೆ ಪಾಯಸ ಆರುತ್ತಾ ಗಟ್ಟಿಯಾಗುತ್ತದೆ. ಆದ್ದರಿಂದ ಕಾಯಿಹಾಲನ್ನು ಮೂರು ಸಲ ಹಿಂಡುವಾಗ ಕೊನೆಯ ನೀರುಹಾಲಿನಲ್ಲಿ ಸ್ವಲ್ಪವನ್ನು ಬಿಸಿಮಾಡಿ ಬೇರೆ ತೆಗೆದಿಡುತ್ತೇನೆ. ಮೊದಲು ಹಿಂಡಿದ ದಪ್ಪಹಾಲನ್ನು ಒಲೆಯಿಂದ ಇಳಿಸುವ ಹೊತ್ತಿಗೇ ಹಾಕಬೇಕು, ಹಾಕಿದ ಮೇಲೆ ಕುದಿಸಿದರೆ ಒಡೆದಂತಾಗುತ್ತದೆ. ಕೊನೆಯ ಹಂತಿಗೆ ಬಡಿಸುವ ಮೊದಲು ಆ ನೀರುಹಾಲನ್ನು ಬೆರೆಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಪಾಯಸ ಮೊದಲಿನ ಹದಕ್ಕೆ ಬರುತ್ತದೆ.

ಇನ್ನು ಹುಳಿಯ ವಿಷಯ. ಅಡುಗೆ ಮನೆಯ ಹೊಣೆ ಕೊಡುವಾಗ ಅತ್ತೆ ನನಗೆ ಹೇಳಿದ್ದು ಒಂದೇ ಮಾತು: "ಕಜ್ಜಾಯ ಒಂದು ಕಮ್ಮಿ ಆದ್ರೂ ಅಡ್ಡಿಲ್ಲೆ ತಂಗಿ, ಹುಳಿ ಮಾತ್ರ ಸಮಾ ಬರವು." ಹಬ್ಬದ ಊಟವನ್ನು ಸಿಹಿಯಿಂದ ಅಳೆಯುವವರಿಗೆ ಈ ಮಾತು ವಿಚಿತ್ರವಾಗಿ ಕೇಳಬಹುದು. ಆದರೆ ಎಣ್ಣೆ, ತುಪ್ಪ, ಬೆಲ್ಲಗಳಿಂದ ಭಾರವಾದ ನಾಲಿಗೆಯನ್ನು ಮತ್ತೆ ಎಚ್ಚರಿಸುವುದು ಹುಳಿಯೇ. ನಮ್ಮಲ್ಲಿ ಆ ಕೆಲಸ ಅಪ್ಪೆಹುಳಿಯದು. ಭಾದ್ರಪದದಲ್ಲಿ ಮಾವಿನ ಮಿಡಿ ಎಲ್ಲಿಂದ ಬರಬೇಕು? ಫಾಲ್ಗುಣ, ಚೈತ್ರದ ಹೊತ್ತಿಗೆ ಹೊಳೆಯಂಚಿನ ಮರಗಳಿಂದ ಕೊಯ್ದು ಉಪ್ಪಿನಲ್ಲಿ ಹಾಕಿಟ್ಟ ಭರಣಿಯಿಂದ. ಅಘನಾಶಿನಿ, ಬೇಡ್ತಿ, ಶರಾವತಿಗಳ ದಂಡೆಯಲ್ಲಿ ಬೆಳೆಯುವ ಈ ಅಪ್ಪೆಮಿಡಿಯಲ್ಲಿ ತಳಿಗಳು ಹಲವು, ಪ್ರತಿಯೊಂದಕ್ಕೂ ಬೇರೆ ಪರಿಮಳ. ಅನಂತಭಟ್ಟನ ಅಪ್ಪೆಯ ಹೆಸರು ಕೇಳಿದರೆ ಈ ಸೀಮೆಯವರ ಬಾಯಲ್ಲಿ ನೀರೂರುತ್ತದೆ. ಉಪ್ಪಿನಕಾಯಿಗೆ ಭರಣಿ ತುಂಬುವಾಗಲೇ ಚೌತಿಯ ಅಪ್ಪೆಹುಳಿಗೆಂದು ಒಂದಿಷ್ಟು ಮಿಡಿಯನ್ನು ಖಾರ ಹಾಕದೆ ಬರೀ ಉಪ್ಪುನೀರಿನಲ್ಲಿ ಬೇರೆ ಇಡಬೇಕು. ಚೌತಿಯ ಪಟ್ಟಿಯ ಮೊದಲ ಸಾಲು ಹೀಗೆ ಆರು ತಿಂಗಳ ಹಿಂದೆಯೇ ಬರೆದಾಗಿರುತ್ತದೆ.

ಮಾಡುವ ಕ್ರಮ ಬಲು ಸರಳ, ಅದಕ್ಕೇ ಕೆಡಿಸುವುದೂ ಸುಲಭ. ಮಿಡಿಗಳನ್ನು ತೊಳೆದು ಸ್ವಲ್ಪ ಹೊತ್ತು ನೀರಿನಲ್ಲಿ ಬಿಟ್ಟು ಹೆಚ್ಚಿನ ಉಪ್ಪು ತೆಗೆಯಬೇಕು. ಜಜ್ಜಿ, ಕೈಯಿಂದ ಚೆನ್ನಾಗಿ ಕಿವುಚಿ, ಗೊರಟು ಸಿಪ್ಪೆಗಳನ್ನು ಸೋಸಿ ತೆಗೆದರೆ ತಿಳಿಯಾದ, ಮೂಗಿಗೆ ತಾಗುವ ರಸ ಸಿಗುತ್ತದೆ. ಅದಕ್ಕೆ ನೀರು ಸೇರಿಸಿ, ಒಂದೆರಡು ಸೂಜಿಮೆಣಸು ನುರಿದು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಡಬೇಕು. ಕುದಿಸುವುದಿಲ್ಲ, ಕುದಿಸಿದರೆ ಅಪ್ಪೆಯ ಪರಿಮಳವೇ ಹೋಗಿಬಿಡುತ್ತದೆ. ಬೆಲ್ಲ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ. ಇದನ್ನು ಅನ್ನಕ್ಕೆ ಕಲಸಿ ಉಣ್ಣುವುದಕ್ಕಿಂತ ಕೈಯೊಡ್ಡಿ ಹಾಕಿಸಿಕೊಂಡು ಕುಡಿಯುವುದೇ ಹೆಚ್ಚು, ಹಾಗಾಗಿ ಎಷ್ಟು ಮಾಡಿದರೂ ಸಾಲುವುದಿಲ್ಲ. ತಲೆಗೆ ಕಾಲು ಲೀಟರಿನಂತೆ ಹಿಡಿದರೆ ಇಪ್ಪತ್ತು ಜನಕ್ಕೆ ಐದು ಲೀಟರು ಸಾಕು. ನಾನು ಏಳು ಲೀಟರು ಮಾಡಿ, ಎರಡು ಲೀಟರನ್ನು ನೈವೇದ್ಯವಾದ ಕೂಡಲೇ ಮುಚ್ಚಳವಿರುವ ಸ್ಟೀಲಿನ ಪಾತ್ರೆಗೆ ತೆಗೆದು ಒಳಗಿಡುತ್ತೇನೆ. ಅದಕ್ಕೆ ಬಡಿಸುವವರು ಕೈಹಾಕುವಂತಿಲ್ಲ. ಅದು ಕೊನೆಯ ಹಂತಿಯ ಪಾಲು.

ನಮ್ಮ ಸೀಮೆಯ ಅಡುಗೆಯಲ್ಲಿ ಬೆಂಕಿಯೇ ಬೇಡದ, ಅಥವಾ ಹೆಸರಿಗಷ್ಟೇ ಬೇಕಾದ ಪದಾರ್ಥಗಳು ಎಷ್ಟಿವೆಯೆಂದು ಪಟ್ಟಿ ಬರೆಯುವಾಗಲೇ ನನಗೆ ಹೊಳೆದದ್ದು. ಒಂದೆಲಗದ ತಂಬುಳಿಗೆ ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಮೊಗೆಕಾಯಿ ಹಶಿಗೆ ಹೆಚ್ಚಿದ ಹೋಳು, ಮೊಸರು, ಒಗ್ಗರಣೆ ಸಾಕು. ಬಾಳೆದಿಂಡಿನ ಸಾಸಿವೆ ಎಂಬ ಪದಾರ್ಥಕ್ಕೆ ಕಾಯಿ ಮತ್ತು ಸಾಸಿವೆಯನ್ನು ಹಸಿಯಾಗಿಯೇ ಅರೆಯಬೇಕು. ಇವೆಲ್ಲ ಬಿಸಿಯಾಗಿ ಬಡಿಸಬೇಕಾದವಲ್ಲ, ಎರಡನೇ ಹಂತಿಯ ಹೊತ್ತಿಗೆ ಕೆಡುವುದೂ ಇಲ್ಲ, ಬದಲಿಗೆ ಸಾಸಿವೆಯ ಘಾಟು ಸ್ವಲ್ಪ ಹೊತ್ತು ಕೂತ ಮೇಲೆ ಹದಕ್ಕೆ ಬರುತ್ತದೆ. ಬರೀ ಎರಡು ಒಲೆಯಿರುವ ಅಡುಗೆ ಮನೆಯಲ್ಲಿ ಹನ್ನೆರಡು ಪದಾರ್ಥಗಳ ಬಾಳೆಯನ್ನು ನಮ್ಮ ಹಿರಿಯರು ಹೇಗೆ ತುಂಬಿಸುತ್ತಿದ್ದರೆಂಬುದಕ್ಕೆ ಉತ್ತರ ಇಲ್ಲಿದೆ. ಹಬ್ಬದ ಪಟ್ಟಿಗೆ ಪನೀರಿನ ಪಲ್ಯವನ್ನೋ ತರಕಾರಿ ಪಲಾವನ್ನೋ ಸೇರಿಸಿ, ಜಾಗವಿಲ್ಲವೆಂದು ತಂಬುಳಿಯನ್ನು ಬಿಡುವುದನ್ನು ಈಚೆಗೆ ಕೆಲವು ಮನೆಗಳಲ್ಲಿ ನೋಡುತ್ತಿದ್ದೇನೆ. ನನಗೆ ಅದು ನೋವಿನ ಸಂಗತಿ. ಪಲಾವು ಯಾವ ದಿನವಾದರೂ ಸಿಗುತ್ತದೆ, ಎಲ್ಲ ಊರಿನಲ್ಲೂ ಸಿಗುತ್ತದೆ. ಅಜ್ಜಿಯ ಮನೆಯ ಹಿತ್ತಿಲಿನಿಂದ ಆಗಷ್ಟೇ ಕಿತ್ತು ತಂದ ಒಂದೆಲಗದ ತಂಬುಳಿ ಬೆಂಗಳೂರಿನಿಂದ ಬಂದ ಮಕ್ಕಳಿಗೆ ಇನ್ನೆಲ್ಲಿ ಸಿಗಬೇಕು?

ಹಾಗೆಂದು ಹೊರಗಿನಿಂದ ಬಂದದ್ದಕ್ಕೆಲ್ಲ ಬಾಗಿಲು ಮುಚ್ಚಬೇಕೆಂದು ನನ್ನ ವಾದವಲ್ಲ. ನನ್ನ ಕಿರಿಯ ವಾರಗಿತ್ತಿ ಕಾರವಾರದವಳು, ಕೊಂಕಣಿ ಮನೆಮಾತಿನವಳು. ಅವಳು ಬಂದ ಮೇಲೆ ನಮ್ಮ ಚೌತಿಗೆ ಎರಡು ಹೊಸ ಅಡುಗೆಗಳು ಸೇರಿವೆ, ಎರಡೂ ನಮ್ಮ ಬಾಳೆಯಲ್ಲಿ ಮೊದಲಿನಿಂದ ಇದ್ದವೇನೋ ಎಂಬಂತೆ ಹೊಂದಿಕೊಂಡಿವೆ. ಒಂದು ಪಾತೋಳಿ. ಅರಿಶಿನದ ಎಲೆಗೆ ಅಕ್ಕಿಹಿಟ್ಟನ್ನು ತೆಳುವಾಗಿ ಸವರಿ, ನಡುವೆ ಕಾಯಿಬೆಲ್ಲದ ಹೂರಣವಿಟ್ಟು, ಎಲೆಯನ್ನು ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಬಿಡಿಸಿದಾಗ ಎಲೆಯ ನರಗಳೆಲ್ಲ ಹಿಟ್ಟಿನ ಮೇಲೆ ಮೂಡಿರುತ್ತವೆ, ಅರಿಶಿನದ ಪರಿಮಳ ಒಳಗಿನ ಹೂರಣದವರೆಗೂ ಇಳಿದಿರುತ್ತದೆ. ಇನ್ನೊಂದು ಖತಖತೆ. ತೊಗರಿಬೇಳೆಯ ಜೊತೆ ಕೈಗೆ ಸಿಕ್ಕ ತರಕಾರಿ, ಗಡ್ಡೆಗಳನ್ನೆಲ್ಲ ಹಾಕಿ, ಕಾಯಿ ಅರೆದು ಸೇರಿಸಿ, ಕೊನೆಗೆ ತೆಪ್ಪಲ್ ಎಂಬ ಮಸಾಲೆಕಾಯಿ ಜಜ್ಜಿ ಹಾಕುತ್ತಾರೆ; ಇಪ್ಪತ್ತೊಂದು ಬಗೆಯ ತರಕಾರಿ ಹಾಕುವ ಮನೆಗಳೂ ಇವೆಯಂತೆ. ಖತಖತೆ ಬಂದ ಮೇಲೆ ನಾನು ಎರಡು ಪಲ್ಯಗಳನ್ನು ಪಟ್ಟಿಯಿಂದ ತೆಗೆದೆ. ಒಂದೇ ಪಾತ್ರೆಯಲ್ಲಿ ಆಗುತ್ತದೆ, ಆರುತ್ತಾ ರುಚಿ ಹೆಚ್ಚುತ್ತದೆ, ಕೊನೆಯ ಹಂತಿಗೆ ಹೇಳಿ ಮಾಡಿಸಿದಂತಿದೆ. ಪಾತೋಳಿ ಮಾತ್ರ ಅವಳದೇ ಹೊಣೆ. ಹಬ್ಬಕ್ಕೆ ಒಂದು ವಾರವಿರುವಾಗಲೇ ಫೋನು ಬರುತ್ತದೆ: "ಅಕ್ಕಾ, ಅರಿಶಿನದ ಎಲೆ ನಾನು ತರ್ತೇನೆ, ನೀವು ಕಾಯಿ ಮಾತ್ರ ತೆಗೆದಿಡಿ." ಕಾರವಾರದಿಂದ ಕುಮಟೆಗೆ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಬರುವ ತನಕ ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಎಲೆಗಳನ್ನು ಮಡಿಲಲ್ಲೇ ಇಟ್ಟುಕೊಂಡಿರುತ್ತಾಳೆ. ನಮ್ಮ ಹಿತ್ತಿಲಲ್ಲೂ ಅರಿಶಿನವಿದೆ, ಆದರೆ ತವರಿನ ಎಲೆ ತರುವುದನ್ನು ನಾನು ತಡೆಯುವುದಿಲ್ಲ.

ಅವಳು ಕಾಯಿ ತೆಗೆದಿಡಲು ಹೇಳುವುದು ಸುಮ್ಮನೆ ಅಲ್ಲ. ಇಡೀ ಪಟ್ಟಿಯನ್ನು ಕಟ್ಟಿಹಾಕುವ ವಸ್ತು ತೆಂಗಿನಕಾಯಿಯೇ. ಪಾಯಸದ ಹಾಲಿಗೆ, ಮೋದಕ ಮತ್ತು ಪಾತೋಳಿಯ ಹೂರಣಕ್ಕೆ, ಪಂಚಕಜ್ಜಾಯಕ್ಕೆ, ತಂಬುಳಿ, ಸಾಸಿವೆ, ಖತಖತೆಗೆ ಎಂದು ಒಂದೊಂದಾಗಿ ಕೂಡಿಸಿದರೆ ಇಪ್ಪತ್ತು ಜನರ ಊಟಕ್ಕೆ ಹತ್ತು ಹನ್ನೆರಡು ಕಾಯಿ ಬೇಕು. ಕಾಯಿ ಇದೆಯೇ ಎಂಬುದಕ್ಕಿಂತ ಅಷ್ಟನ್ನು ತುರಿಯುವವರು ಯಾರು, ಯಾವಾಗ ಎಂಬುದು ದೊಡ್ಡ ಪ್ರಶ್ನೆ. ಪಟ್ಟಿಗೆ ಇನ್ನೊಂದು ಪದಾರ್ಥ ಸೇರಿಸೋಣವೆಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು ಅದಕ್ಕೆ ಎಷ್ಟು ಕಾಯಿ ಎಂದೇ. ಬೆಳಿಗ್ಗೆ ಸ್ನಾನ ಮುಗಿಸಿದ ಗಂಡಸರಲ್ಲಿ ಇಬ್ಬರಿಗೆ ಹೆರೆಮಣೆಯ ಕೆಲಸ ಎಂದು ಈಗ ಖಾಯಂ ಆಗಿದೆ. ಪೂಜೆಗೆ ಕೂರುವವರನ್ನು ಬಿಟ್ಟು ಉಳಿದವರಲ್ಲಿ ಒಬ್ಬರು ಬಾಳೆ ಕೊಯ್ದು ಒರೆಸಿಡಬೇಕು, ಒಬ್ಬರು ತರಕಾರಿ ಹೆಚ್ಚಬೇಕು. ಹೆಸರು ಹಾಕಿ ಬರೆದು ಗೋಡೆಗೆ ಅಂಟಿಸಿದರೆ ಕೆಲಸ ಆಗುತ್ತದೆ. ಎಲ್ಲರೂ ಸೇರಿ ಮಾಡೋಣವೆಂದು ಬಾಯಲ್ಲಿ ಹೇಳಿದರೆ ಮಾಡಿದವರೇ ಮಾಡುತ್ತಾರೆ.

ಉಣ್ಣುವವರ ಅಗತ್ಯಗಳಿಗೆ ಬೇರೆ ಅಡುಗೆ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಮಾವನವರಿಗೆ ಸಕ್ಕರೆ ಕಾಯಿಲೆಯಿದೆ, ಆದರೆ ಹಬ್ಬದ ದಿನ ಅವರ ಬಾಳೆಯೊಂದೇ ಬೇರೆಯಾಗಿ ಕಾಣಬಾರದು. ತಂಬುಳಿ, ಹಶಿ, ಸಾಸಿವೆ, ಖತಖತೆ ಹೇರಳವಾಗಿರುವ ಊಟದಲ್ಲಿ ಅವರು ಅರ್ಧ ಮೋದಕ, ಒಂದು ಚಮಚ ಪಾಯಸದಲ್ಲಿ ಹಬ್ಬವನ್ನು ಪೂರೈಸುತ್ತಾರೆ, ಅನ್ನ ಕಡಿಮೆ ಹಾಕಿಸಿಕೊಳ್ಳುತ್ತಾರೆ. ಸಣ್ಣ ಮಕ್ಕಳಿಗೆ ತವ್ವೆ, ತುಪ್ಪ, ಹಪ್ಪಳ ಇದ್ದರಾಯಿತು. ಅನ್ನಕ್ಕೆ ಒಂದು ಕಿಲೋ ಅಕ್ಕಿ ಎಂಟೊಂಬತ್ತು ಜನರಿಗೆ ಸಾಲುತ್ತದೆ. ಅದನ್ನು ಎರಡು ಸಲ ಇಡುವುದು ಮುಖ್ಯ, ಎರಡನೆಯ ಪಾತ್ರೆಯನ್ನು ಮೊದಲ ಹಂತಿ ಮಜ್ಜಿಗೆಗೆ ಬರುವ ಹೊತ್ತಿಗೆ ಒಲೆಯಿಂದ ಇಳಿಸಬೇಕು. ಹಪ್ಪಳವನ್ನೂ ಹಾಗೆಯೇ ಎರಡು ಕಂತಿನಲ್ಲಿ ಕರಿಯಬೇಕು.

ಬಡಿಸುವವರನ್ನು ಬದಲಿಸುವುದು ಇಡೀ ಯೋಜನೆಯ ಕೊನೆಯ ತುಂಡು. ಮೊದಲ ಹಂತಿಯಲ್ಲಿ ಉಂಡು ಎದ್ದ ಗಂಡಸರೂ ದೊಡ್ಡ ಮಕ್ಕಳೂ ಕೈತೊಳೆದು ಬಂದು ಕೊನೆಯ ಹಂತಿಗೆ ಬಡಿಸಬೇಕೆಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಉಪ್ಪಿನಿಂದ ಮಜ್ಜಿಗೆಯವರೆಗೆ ಯಾವುದರ ನಂತರ ಯಾವುದು ಎಂಬ ಕ್ರಮ ಅವರಿಗೆ ಗೊತ್ತಿರಬೇಕಾದ್ದರಿಂದ ಮೊದಲ ವರ್ಷ ಅತ್ತೆ ಬಾಳೆಯ ಮುಂದೆ ಕೂತೇ ಒಂದೊಂದಾಗಿ ಹೇಳಿಕೊಟ್ಟರು. ಈಗ ಹತ್ತನೇ ತರಗತಿಯ ಮಗನೂ ಬಗ್ಗಿ, ಸೌಟು ಬಾಳೆಗೆ ತಾಗದಂತೆ, ಬೇಕೇ ಎಂದು ಕೇಳಿ ಬಡಿಸುತ್ತಾನೆ. ಪೂಜೆ ಹನ್ನೆರಡರೊಳಗೆ ಮುಗಿದರೆ ಮೊದಲ ಹಂತಿ ಹನ್ನೆರಡೂವರೆಗೆ, ಕೊನೆಯ ಹಂತಿ ಒಂದೂವರೆಗೆ ಕೂರುತ್ತದೆ. ಅತ್ತೆ ಈಗ ಮೊದಲ ಹಂತಿಯಲ್ಲೇ ಕೂರಬಹುದು, ವಯಸ್ಸೂ ಆಗಿದೆ, ಎಲ್ಲರೂ ಕರೆಯುತ್ತಾರೆ. ಆದರೂ ಅವರು ನಮ್ಮ ಜೊತೆಗೇ ಕೂರುತ್ತಾರೆ, ಅಪ್ಪೆಹುಳಿ ಬಂದಾಗ ಎರಡೂ ಕೈ ಒಡ್ಡುತ್ತಾರೆ.

ಊಟದ ನಂತರದ ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಯೋಜನೆಯೇ ಬೇಡ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಶಿರಸಿ ಅಡಿಕೆಯ ಸೀಮೆ ಇದು, ತಟ್ಟೆ ಜಗಲಿಯ ಮೇಲೆ ಮೊದಲೇ ಇರುತ್ತದೆ. ಗಣಪತಿಯ ಮೇಲೆ ಕಟ್ಟಿದ ಫಲಾವಳಿಯ ಮೊಗೆಕಾಯಿ, ಹಾಗಲ, ಅಮಟೆ, ಚಕ್ಕೋತಗಳನ್ನು ಮಾತ್ರ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಕಾರವಾರದ ಕಡೆ ಮಾಟೋಳಿ ಎಂದು ಕರೆಯುವ ಇದನ್ನು ವಿಸರ್ಜನೆಯ ನಂತರ ಬಿಚ್ಚಿದಾಗ ಸಿಗುವ ತರಕಾರಿ ನಂತರದ ದಿನಗಳ ಹುಳಿಗೂ ಗೊಜ್ಜಿಗೂ ಆಗುತ್ತದೆ, ಆ ದಿನಗಳಿಗೆಂದು ಬೇರೆ ತರಕಾರಿ ಕೊಳ್ಳಬೇಕಿಲ್ಲ.

ಈ ವರ್ಷದ ಪಟ್ಟಿಯಲ್ಲಿ ತೀರ್ಮಾನವಾಗದೆ ಉಳಿದಿರುವುದು ಕೆಸುವಿನ ಎಲೆಯ ಪತ್ರೊಡೆ ಒಂದೇ. ಮರಗೆಸು ಬಲಿತಿರುವುದರಿಂದ ನಾನು ಅದನ್ನು ಬಿಡಬೇಕೆಂದಿದ್ದೇನೆ. ಆದರೆ ಹಿತ್ತಿಲ ಕೆಸುವಿನ ಎಲೆಗೇ ಹುಣಸೆಹುಳಿಯನ್ನು ಸ್ವಲ್ಪ ಮುಂದಾಗಿ ಹಾಕಿದರೆ ತುರಿಸುವುದಿಲ್ಲ, ಹಿಂದಿನ ದಿನವೇ ಉಗಿಯಲ್ಲಿ ಬೇಯಿಸಿಟ್ಟು ಹಬ್ಬದ ದಿನ ಒಗ್ಗರಣೆ ಹಾಕಿದರಾಯಿತು ಎಂದು ವಾರಗಿತ್ತಿ ಹೇಳುತ್ತಿದ್ದಾಳೆ. ಹಿಂದಿನ ದಿನ ಬೇಯಿಸಿದ್ದು ನೈವೇದ್ಯಕ್ಕೆ ಬರುವುದಿಲ್ಲ, ಊಟಕ್ಕೆ ಬರುತ್ತದೆ. ಅದಕ್ಕೆ ಎರಡು ಕಾಯಿ ಬೇಕು. ಭಾನುವಾರ ಸಂಜೆಯ ಹೆರೆಮಣೆಗೆ ಯಾರಾದರೂ ಹೆಸರು ಕೊಟ್ಟರೆ ಪತ್ರೊಡೆಯನ್ನು ಸೇರಿಸುತ್ತೇನೆ.